ಮಣ್ಣಾಗ ಅವ್ವಗ ಥಂಡಿ ಹತ್ತೂದಿಲ್ಲೇನು?

ಸದಲಗಾದ ಮಕ್ಕಳೇ, ನಿಮ್ಮ ಊರ ಬದಿಗೆ ಹರಿಯುವ ದೂಧಗಂಗಾ ನಿಮ್ಮ ಹೊಲಗಳ ಕಬ್ಬಿಗೆ ನೀರು ಕೊಡುವ ಮೊದಲು ಮಹಾರಾಷ್ಟ್ರದ ಕಾಗಲದ ಬಳಿ ಹಾದು ಬರುತ್ತಾಳೆ. ಆ ಕಾಗಲದ ಘಾಟಗೆ ಮನೆತನದಲ್ಲಿ 1874ರಲ್ಲಿ ಯಶವಂತ ಎಂಬ ಹುಡುಗ ಹುಟ್ಟಿದ. ತಾಯಿ ರಾಧಾಬಾಯಿ ನಮ್ಮ ಮುಧೋಳದ ಅರಸು ಮನೆತನದ ಮಗಳು. ಹುಡುಗನಿಗೆ ಮೂರು ವರ್ಷವಾಗಿದ್ದಾಗ ಆಕೆ ತೀರಿಕೊಂಡಳು. 1884ರಲ್ಲಿ ಕೊಲ್ಹಾಪುರದ ರಾಣಿ ಆನಂದಿಬಾಯಿ ಅವನನ್ನು ದತ್ತು ತೆಗೆದುಕೊಂಡರು. ಅದಾಗಿ ಎರಡು ವರ್ಷಕ್ಕೆ, 1886ರಲ್ಲಿ, ಹೆತ್ತ ತಂದೆಯೂ ಹೋದರು. ಹುಡುಗನಿಗೆ ಆಗಿನ್ನೂ ಹನ್ನೊಂದು.

ಆ ಹುಡುಗನ ಹೆಸರು ನಿಮಗೆ ಗೊತ್ತಿದೆ. ಅವನೇ ಮುಂದೆ ಛತ್ರಪತಿ ಶಾಹೂ ಮಹಾರಾಜ. 1901ರಿಂದ ಕೊಲ್ಹಾಪುರದಲ್ಲಿ ಒಂದಾದ ಮೇಲೊಂದರಂತೆ ಬೋರ್ಡಿಂಗ್‌ಗಳು ಎದ್ದು ನಿಲ್ಲಲು ಕಾರಣನಾದವನು. ಹಳ್ಳಿಯ ಮರಾಠಾ, ಜೈನ, ಲಿಂಗಾಯತ, ಮುಸ್ಲಿಂ ಮಕ್ಕಳು ಅಲ್ಲಿ ಇದ್ದು, ಉಂಡು, ಕಲಿತರು. 1917ರಲ್ಲಿ ತನ್ನ ಸಂಸ್ಥಾನದ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವೂ ಉಚಿತವೂ ಮಾಡಿದವನು.

ತಾಯಿತಂದೆ ಹೋದರೆ ದೊಡ್ಡ ಮನುಷ್ಯರಾಗುತ್ತಾರೆ ಎಂದು ಹೇಳಲು ಈ ಕತೆ ಎತ್ತಿಲ್ಲ. ಹಾಗೆ ಯಾರಾದರೂ ಹೇಳಿದರೆ ನಂಬಬೇಡಿ. ತಾಯಿ ತೀರಿಕೊಳ್ಳುವುದರಿಂದ ಯಾವ ಮಗುವಿಗೂ ಲಾಭವಿಲ್ಲ. ಅದು ನೋವು, ಬರೀ ನೋವು. ನಾನು ಕೇಳಬೇಕೆಂದಿರುವುದು ಬೇರೆ ಪ್ರಶ್ನೆ: ಅಂಥ ನೋವಿನ ನಡುವೆಯೂ ಒಂದು ಮಗು ಉಣ್ಣುತ್ತದೆ, ಕಲಿಯುತ್ತದೆ, ನಗುತ್ತದೆ, ಬೆಳೆಯುತ್ತದೆ. ಅದು ಹೇಗೆ ಸಾಧ್ಯವಾಗುತ್ತದೆ? ವಿಜ್ಞಾನಿಗಳು ಇದನ್ನು ಬಹಳ ವರ್ಷಗಳಿಂದ ಅಭ್ಯಾಸ ಮಾಡಿದ್ದಾರೆ. ಅವರು ಕಂಡುಕೊಂಡದ್ದು ನಿಮಗೂ ಗೊತ್ತಿರಬೇಕು. ನಿಮ್ಮ ಮನೆಯಲ್ಲಿ ಹಾಗಾಗಿರಬಹುದು, ಇಲ್ಲವೇ ನಿಮ್ಮ ವರ್ಗದಲ್ಲಿ ನಿಮ್ಮ ಪಕ್ಕ ಕೂರುವವನ ಮನೆಯಲ್ಲಿ ಆಗಿರಬಹುದು.

ಮೊದಲು ಸಾವು ಎಂದರೇನು ಎಂಬುದನ್ನು ನೇರವಾಗಿ ಮಾತಾಡೋಣ. ದೊಡ್ಡವರು ಪ್ರೀತಿಯಿಂದಲೇ ಸುತ್ತುಬಳಸಿ ಹೇಳುತ್ತಾರೆ. ‘ಅಪ್ಪ ಊರಿಗೆ ಹೋಗ್ಯಾನ’, ‘ಅವ್ವ ದೊಡ್ಡ ನಿದ್ದಿ ಮಾಡಾಕತ್ಯಾಳ’, ‘ದೇವರು ಕರಕೊಂಡಾನ’. ಕೇಳಿದ ಮಗು ಏನು ಮಾಡುತ್ತದೆ? ಊರಿಗೆ ಹೋದವರು ತಿರುಗಿ ಬರುತ್ತಾರಲ್ಲ ಎಂದು ಸಂಜೆಯ ಚಿಕ್ಕೋಡಿ ಬಸ್ಸು ಬಂದಾಗಲೆಲ್ಲ ಬಾಗಿಲಿಗೆ ಓಡುತ್ತದೆ. ನಿದ್ದೆ ಮಾಡಿದವರು ಏಳದೆ ಹೋಗಬಹುದಾದರೆ ನಾನೂ ಮಲಗಬಾರದು ಎಂದು ಕಣ್ಣು ತೆರೆದುಕೊಂಡೇ ರಾತ್ರಿ ಕಳೆಯುತ್ತದೆ. ಹಂಗೇರಿ ದೇಶದ ಬುಡಾಪೆಸ್ಟ್‌ನಲ್ಲಿ ಮರಿಯಾ ನಾಗಿ ಎಂಬಾಕೆ 3ರಿಂದ 10 ವರ್ಷದ 378 ಮಕ್ಕಳು ಸಾವಿನ ಬಗ್ಗೆ ಹೇಳಿದ್ದು, ಬರೆದದ್ದು, ಚಿತ್ರ ತೆಗೆದದ್ದನ್ನೆಲ್ಲ ಕೂಡಿಸಿ 1948ರಲ್ಲಿ ಪ್ರಕಟಿಸಿದರು. ಐದು ವರ್ಷದೊಳಗಿನ ಮಕ್ಕಳಿಗೆ ಸಾವೆಂದರೆ ಎಲ್ಲೋ ಹೋಗಿರುವುದು, ಅಥವಾ ನಿದ್ದೆ. ಎಲ್ಲ ಜೀವಿಗಳೂ ಒಂದು ದಿನ ಸಾಯುತ್ತವೆ, ಸತ್ತ ಮೇಲೆ ತಿರುಗಿ ಬರುವುದಿಲ್ಲ ಎಂಬುದು ಪೂರಾ ತಿಳಿಯುವುದು ಒಂಬತ್ತರ ಸುಮಾರಿಗೆ. ಮನೆಯಲ್ಲಿ ಸಾವು ಕಂಡ ಮಗುವಿಗೆ, ಯಾರಾದರೂ ಬಿಡಿಸಿ ಹೇಳಿದರೆ, ಇನ್ನೂ ಮೊದಲೇ ತಿಳಿಯುತ್ತದೆ ಎಂದು ಆಮೇಲಿನ ಸಂಶೋಧಕರು ಸೇರಿಸಿದ್ದಾರೆ.

ಬಿಡಿಸಿ ಹೇಳುವುದೆಂದರೆ ಹೀಗೆ. ಎದೆಯಲ್ಲಿರುವ ಹೃದಯ ರಕ್ತವನ್ನು ಮೈಯೆಲ್ಲ ತಿರುಗಿಸುತ್ತದೆ. ರಕ್ತದೊಂದಿಗೆ ಆಮ್ಲಜನಕ ಮಿದುಳಿಗೆ ಹೋಗುತ್ತದೆ. ಹೃದಯ ನಿಂತರೆ ಕೆಲವೇ ನಿಮಿಷಗಳಲ್ಲಿ ಮಿದುಳಿನ ಜೀವಕೋಶಗಳು ಸಾಯತೊಡಗುತ್ತವೆ. ಅವು ಸತ್ತ ಮೇಲೆ ಯಾವ ಡಾಕ್ಟರರಿಗೂ, ಯಾವ ಪೂಜೆಗೂ ಅವನ್ನು ಮತ್ತೆ ನಡೆಸಲು ಆಗುವುದಿಲ್ಲ.

ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಮೊದಲನೆಯದು ಮಕ್ಕಳು ಆಯಿಯ ಸೆರಗು ಹಿಡಿದು ಕೇಳುವಂಥದು. ಆಯಿ ಉತ್ತರ ಸಿಗದೆ ಅಳುತ್ತಾಳೆ. ‘ಮಣ್ಣಾಗ ಅವ್ವಗ ಥಂಡಿ ಹತ್ತೂದಿಲ್ಲೇನು?’ ಬೆಂಕಿಗೆ ಕೊಡುವ ಮನೆಯಾದರೆ, ‘ಅಪ್ಪಗ ಸುಟ್ಟಿಲ್ಲೇನು?’ ಇದು ಒಳ್ಳೆಯ ಪ್ರಶ್ನೆ, ಇದಕ್ಕೆ ಖಚಿತ ಉತ್ತರವಿದೆ. ಚಳಿ ನಿಮಗೆ ಹೇಗೆ ತಿಳಿಯುತ್ತದೆ? ಚರ್ಮದಲ್ಲಿರುವ ನರಗಳ ತುದಿಗಳು ಚಳಿಯನ್ನು ಗುರುತಿಸಿ, ಬೆನ್ನುಹುರಿಯ ದಾರಿಯಲ್ಲಿ ಮಿದುಳಿಗೆ ಸುದ್ದಿ ಕಳಿಸುತ್ತವೆ. ಸುದ್ದಿ ಓದುವ ಮಿದುಳು ಇದ್ದರೆ ಮಾತ್ರ ಅದು ಚಳಿ, ಅದು ಉರಿ. ಮಿದುಳು ನಿಂತ ದೇಹಕ್ಕೆ ಚಳಿ ಇಲ್ಲ, ಉರಿ ಇಲ್ಲ, ಹಸಿವೆ ಇಲ್ಲ, ಅಂಜಿಕೆ ಇಲ್ಲ, ಕತ್ತಲೆಯೂ ಇಲ್ಲ. ನಿನ್ನ ಅವ್ವಗೆ ಥಂಡಿ ಹತ್ತುವುದಿಲ್ಲ, ಮಗಾ. ಅವಳಿಗೆ ಈಗ ಏನೂ ನೋಯುತ್ತಿಲ್ಲ.

ಎರಡನೆಯ ಪ್ರಶ್ನೆಯನ್ನು ಮಕ್ಕಳು ಬಾಯಿ ಬಿಟ್ಟು ಕೇಳುವುದೇ ಇಲ್ಲ, ಒಳಗೇ ಇಟ್ಟುಕೊಳ್ಳುತ್ತಾರೆ. ‘ನನ್ನಿಂದ ಆತೇನು?’ ಹಿಂದಿನ ದಿನ ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡು ಉಣ್ಣದೆ ಮಲಗಿದ್ದೆ. ‘ನೀ ಹೋಗಿಬಿಡು’ ಅಂದಿದ್ದೆ. ಮರುದಿನ ಕಬ್ಬಿನ ಟ್ರ್ಯಾಕ್ಟರ್ ಮಗುಚಿತು. ಚಿಕ್ಕ ಮಕ್ಕಳ ಮಿದುಳು ಒಂದರ ಹಿಂದೆ ಒಂದು ಬಂದ ಎರಡು ಸಂಗತಿಗಳಿಗೆ ಗಂಟು ಹಾಕುತ್ತದೆ. ಲೋಕವನ್ನು ಕಲಿಯಲು ಅದಕ್ಕಿರುವ ದಾರಿಯೇ ಅದು: ಗುಂಡಿ ಒತ್ತಿದೆ, ದೀಪ ಹತ್ತಿತು. ಆದರೆ ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸಂಬಂಧವಿಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಟ್ರ್ಯಾಕ್ಟರ್ ಮಗುಚಿದ್ದು ಹೇರಿದ ಭಾರಕ್ಕೆ, ದಾರಿಯ ತೆಗ್ಗಿಗೆ. ಹಾವಿನ ವಿಷ, ಕ್ಯಾನ್ಸರಿನ ಗಡ್ಡೆ, ಪುಪ್ಪುಸಕ್ಕೆ ಇಳಿದ ಕೊರೋನಾ ವೈರಸ್, ಒಡೆದ ರಕ್ತನಾಳ ಇವು ಕಾರಣಗಳು. ಸಿಟ್ಟಿನಲ್ಲಿ ಆಡಿದ ಮಾತು, ಮನಸ್ಸಿನಲ್ಲಿ ಬಂದ ವಿಚಾರ ಯಾರ ಹೃದಯವನ್ನೂ ನಿಲ್ಲಿಸಲಾರವು. ಇದರಲ್ಲಿ ಸಂಶಯವೇ ಇಲ್ಲ. ಹಾಗೆಯೇ ‘ಕೂಸಿನ ಕಾಲ್ಗುಣ’ ಎಂದು ಮಾತಾಡಸಾಕ ಬಂದವರು ಯಾರಾದರೂ ಪಿಸುಗುಟ್ಟಿದರೆ ಅದೂ ಸುಳ್ಳು. ಮಗುವಿನ ಕಾಲಿಗೆ ಅಂಥ ಗುಣವೇನೂ ಇಲ್ಲ. ಅದು ನಡೆಯುತ್ತದೆ, ಓಡುತ್ತದೆ, ಅಷ್ಟೇ.

ಈಗ ಮೈಯೊಳಗೆ ಏನಾಗುತ್ತದೆ ನೋಡಿ. ಅಪ್ಪ ಹೋದ ಮೇಲೆ ಸಾಲಿಗೆ ಬಂದ ಹುಡುಗಿಗೆ ಹೊಟ್ಟೆನೋವು. ಡಾಕ್ಟರು ನೋಡಿ ಏನೂ ಇಲ್ಲ ಎನ್ನುತ್ತಾರೆ. ‘ಸಾಲಿ ತಪ್ಪಿಸಾಕ ನಾಟಕ’ ಎಂದು ಯಾರೋ ಅನ್ನುತ್ತಾರೆ. ನಾಟಕವಲ್ಲ. ಮಿದುಳಿನ ಆಳದಲ್ಲಿ ಅಮಿಗ್ಡಲಾ ಎಂಬ ಬಾದಾಮಿ ಗಾತ್ರದ ಭಾಗವಿದೆ, ಅಪಾಯ ಬಂದಾಗ ಎಚ್ಚರಿಸುವುದು ಅದರ ಕೆಲಸ. ದಿನವೂ ಇರುತ್ತಿದ್ದ ಮನುಷ್ಯ ಇಲ್ಲದಿರುವುದೂ ಅದಕ್ಕೆ ಅಪಾಯವೇ. ಆಗ ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆ ಡವಡವ ಎನ್ನುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣದ ಕೆಲಸ ಏರುಪೇರಾಗುತ್ತದೆ. ಹೊಟ್ಟೆ ನಿಜಕ್ಕೂ ನೋಯುತ್ತದೆ. ಹಣೆಯ ಹಿಂದಿರುವ, ಲೆಕ್ಕ ಮಾಡಲು ಮತ್ತು ಗಮನ ಹಿಡಿದಿಡಲು ಬೇಕಾದ ಮಿದುಳಿನ ಭಾಗಕ್ಕೆ ಈ ಗದ್ದಲದಲ್ಲಿ ಸರಿಯಾಗಿ ಕೆಲಸ ಮಾಡಲು ಆಗುವುದಿಲ್ಲ. ನಿನ್ನೆ ಬರುತ್ತಿದ್ದ ಹದಿಮೂರರ ಮಗ್ಗಿ ಇಂದು ಬಾಯಿಗೆ ಬರುವುದಿಲ್ಲ. ಹುಡುಗಿ ದಡ್ಡಿಯಾಗಿಲ್ಲ. ಅವಳ ಮಿದುಳು ದೊಡ್ಡ ಕೆಲಸವೊಂದರಲ್ಲಿ ತೊಡಗಿದೆ: ಅಪ್ಪನಿಲ್ಲದ ಮನೆಯನ್ನು ಅದು ಹೊಸದಾಗಿ ಕಲಿಯುತ್ತಿದೆ. ಗುರುಗಳು, ಅಕ್ಕೋರು ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಕೆಲವು ತಿಂಗಳ ಅಂಕಗಳನ್ನು ನೋಡಿ ಆ ಮಗುವನ್ನು ಅಳೆಯಬೇಡಿ.

ಇಲ್ಲೊಂದು ಸಣ್ಣ ಪ್ರಯೋಗ. ಅಪ್ಪ ಅವ್ವ ಇದ್ದವರೂ ಮಾಡಬಹುದು. ಎಡಗೈ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ಬಲಗೈಯ ಎರಡು ಬೆರಳು ಮೆಲ್ಲಗೆ ಇಡಿ. ನಾಡಿ ಸಿಕ್ಕಿತೇ? ಈಗ ಉಸಿರು ಒಳಗೆ ಎಳೆದುಕೊಳ್ಳುತ್ತ ನಾಡಿಯನ್ನು ಗಮನಿಸಿ. ಆಮೇಲೆ ಬಹಳ ನಿಧಾನವಾಗಿ, ಬಿಸಿ ಚಹಾ ಆರಿಸುವ ಹಾಗೆ ತುಟಿ ಮುಂದಿಟ್ಟು, ಉಸಿರು ಹೊರಗೆ ಬಿಡಿ. ಒಳಗೆ ಎಳೆದಾಗ ನಾಡಿ ತುಸು ಬೇಗ, ಹೊರಗೆ ಬಿಟ್ಟಾಗ ತುಸು ನಿಧಾನ. ಮಕ್ಕಳಲ್ಲಿ ಈ ವ್ಯತ್ಯಾಸ ದೊಡ್ಡವರಿಗಿಂತ ಚೆನ್ನಾಗಿ ತಿಳಿಯುತ್ತದೆ. ಮಿದುಳಿನ ಬುಡದಿಂದ ಹೊರಟು ಹೃದಯ, ಹೊಟ್ಟೆಗಳವರೆಗೆ ಇಳಿದಿರುವ ವೇಗಸ್ ಎಂಬ ನರ ಉಸಿರು ಹೊರಬಿಡುವಾಗ ಹೃದಯಕ್ಕೆ ‘ಸಾವಕಾಶ’ ಎನ್ನುತ್ತದೆ. ರಾತ್ರಿ ಅಪ್ಪನ ನೆನಪು ಉಕ್ಕಿ ಎದೆ ಹೊಡೆದುಕೊಳ್ಳತೊಡಗಿದರೆ, ನಾಲ್ಕು ಎಣಿಸುತ್ತ ಉಸಿರು ಎಳೆದು, ಆರು ಎಣಿಸುತ್ತ ಬಿಡಿ. ಹೀಗೆ ಹತ್ತು ಸಲ. ದುಃಖ ಹೋಗುವುದಿಲ್ಲ. ಎದೆ ತುಸು ತಣಿಯುತ್ತದೆ, ನಿದ್ದೆ ಹತ್ತಿರ ಬರುತ್ತದೆ.

ಆಟದ ಮಾತು ಹೇಳಲೇಬೇಕು, ಏಕೆಂದರೆ ಇದರಲ್ಲಿ ದೊಡ್ಡವರು ಮಕ್ಕಳನ್ನು ಬಹಳ ತಪ್ಪಾಗಿ ತಿಳಿಯುತ್ತಾರೆ. ಮನೆಯಲ್ಲಿ ದಿನಕರ್ಮ ಮುಗಿದಿಲ್ಲ, ಹುಡುಗ ಓಣಿಯಲ್ಲಿ ಲಗೋರಿ ಆಡುತ್ತಿದ್ದಾನೆ. ‘ನೋಡ, ಎಷ್ಟ ಲಗೂ ಮರತ’ ಎನ್ನುತ್ತಾರೆ. ಅವನು ಮರೆತಿಲ್ಲ. ಚಿಕ್ಕವರಿಗೆ ದುಃಖವನ್ನು ಒಂದೇ ಸಮ ಹೊತ್ತು ನಿಲ್ಲಲು ಆಗುವುದಿಲ್ಲ. ಅಳುತ್ತಾರೆ, ಆಡುತ್ತಾರೆ, ಮತ್ತೆ ಬಂದು ಅಳುತ್ತಾರೆ. ನೆದರ್ಲೆಂಡ್ಸ್‌ನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಸ್ಕುಟ್ ಎಂಬ ವಿಜ್ಞಾನಿಗಳು 1999ರಲ್ಲಿ ಬರೆದದ್ದೂ ಇದನ್ನೇ: ಹೋದವರಿಗಾಗಿ ಮರುಗುವುದು ಒಂದು ಕೆಲಸ, ಉಳಿದ ಬದುಕನ್ನು ನಡೆಸುವುದು ಇನ್ನೊಂದು. ಮನಸ್ಸು ಎರಡರ ನಡುವೆ ಹೋಗಿ ಬಂದು ಮಾಡುತ್ತಿದ್ದರೇ ಆರೋಗ್ಯ. ಅವರು ಇದನ್ನು ದೊಡ್ಡವರನ್ನು ನೋಡಿ ಬರೆದರು. ಮಕ್ಕಳು ಯಾರೂ ಕಲಿಸದೆಯೇ ಹಾಗೆ ಮಾಡುತ್ತಾರೆ. ಆದ್ದರಿಂದ, ನಗು ಬಂದರೆ ನಗಿ. ನಕ್ಕರೆ ಅಪ್ಪನಿಗೆ ಮೋಸ ಮಾಡಿದಂತಲ್ಲ.

ಇನ್ನು, ಯಾರಿಗೆ ಯಾವುದು ನೆರವಾಗುತ್ತದೆ ಎಂಬ ಮಾತು. ಅಮೆರಿಕದ ಬಾಸ್ಟನ್ ಸುತ್ತಲಿನ 70 ಕುಟುಂಬಗಳ 125 ಮಕ್ಕಳನ್ನು ಫಿಲಿಸ್ ಸಿಲ್ವರ್‌ಮನ್ ಮತ್ತು ವಿಲಿಯಂ ವರ್ಡನ್ ಎಂಬ ಸಂಶೋಧಕರು ತಾಯಿ ಅಥವಾ ತಂದೆ ಸತ್ತ ಮೇಲೆ ಎರಡು ವರ್ಷದವರೆಗೆ ಮತ್ತೆ ಮತ್ತೆ ಭೇಟಿ ಮಾಡಿದರು. ಹೆಚ್ಚಿನ ಮಕ್ಕಳು ಅತ್ತರೂ ತಡವರಿಸಿದರೂ ನಿಂತುಕೊಂಡರು. ಸುಮಾರು ಐವರಲ್ಲಿ ಒಬ್ಬರಿಗೆ ತೊಂದರೆ ಗಂಭೀರವಾಗಿತ್ತು, ಅವರಿಗೆ ಹೆಚ್ಚಿನ ಸಹಾಯ ಬೇಕಿತ್ತು. ವ್ಯತ್ಯಾಸ ಮಾಡಿದ ದೊಡ್ಡ ಸಂಗತಿಯೆಂದರೆ ಉಳಿದ ತಾಯಿ ಅಥವಾ ತಂದೆ ಹೇಗಿದ್ದಾರೆ ಎಂಬುದು. ಅದೇ ದೇಶದ ಅರಿಝೋನಾದಲ್ಲಿ ಅರ್ವಿನ್ ಸ್ಯಾಂಡ್ಲರ್ ಮತ್ತು ಜೊತೆಗಾರರು ಒಂದು ಹೆಜ್ಜೆ ಮುಂದೆ ಹೋದರು. 156 ಕುಟುಂಬಗಳ 244 ಮಕ್ಕಳನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಹನ್ನೆರಡು ಸಲ ಸೇರುವ ತರಬೇತಿ ಕೊಟ್ಟರು. ಮಕ್ಕಳಿಗಷ್ಟೇ ಅಲ್ಲ, ಉಳಿದಿರುವ ತಾಯಿಗೆ ಅಥವಾ ತಂದೆಗೂ. ಅಲ್ಲಿ ಕಲಿಸಿದ್ದು ಕೇಳಿದರೆ ನಿಮ್ಮ ಆಯಿ ‘ಇಷ್ಟ ಏನು?’ ಎನ್ನಬಹುದು. ಮಗು ಮಾತಾಡುವಾಗ ನಡುವೆ ಬಾಯಿ ಹಾಕದೆ ಕೇಳುವುದು. ಮಗುವಿನ ಜೊತೆಗೇ ಎಂದು ಸ್ವಲ್ಪ ಹೊತ್ತು ಮೀಸಲಿಡುವುದು. ಮನೆಯ ಕಟ್ಟಳೆಗಳನ್ನು, ಏಳುವ ಉಣ್ಣುವ ಓದುವ ಹೊತ್ತನ್ನು, ಮೊದಲಿನಂತೆಯೇ ಇಟ್ಟುಕೊಳ್ಳುವುದು. ಸಾಲದ ಜಗಳ, ಹೊಲದ ಹಂಚಿಕೆಯ ಮಾತು ಮಗುವಿನ ತಲೆಯ ಮೇಲೆ ಬೀಳದ ಹಾಗೆ ನೋಡಿಕೊಳ್ಳುವುದು. ವರ್ಷಗಳಾದ ಮೇಲೆ ಹೋಗಿ ನೋಡಿದರೆ ಆ ಪಾಲಿನ ಮಕ್ಕಳಲ್ಲಿ ಖಿನ್ನತೆ ಕಡಿಮೆ ಇತ್ತು. ಕಷ್ಟದಲ್ಲಿ ಬೆಳೆದು ನಿಂತ ಮಕ್ಕಳನ್ನು ಜೀವನವಿಡೀ ಅಭ್ಯಾಸ ಮಾಡಿದ ಆ್ಯನ್ ಮಾಸ್ಟನ್ ಎಂಬ ವಿಜ್ಞಾನಿ 2001ರಲ್ಲಿ ಬರೆದದ್ದೂ ಇದೇ: ಆ ಮಕ್ಕಳ ಹಿಂದೆ ಅಪರೂಪದ ಶಕ್ತಿಯೇನೂ ಇರುವುದಿಲ್ಲ, ದಿನನಿತ್ಯದ ಸಾಮಾನ್ಯ ಆಸರೆಗಳು ಕೆಲಸ ಮಾಡುತ್ತಿರುತ್ತವೆ.

ಯಶವಂತನ ಸುತ್ತ ಯಾರಿದ್ದರು ಎಂದು ನಾನು ನೋಡುವುದು ಇದಕ್ಕಾಗಿಯೇ. ತಮ್ಮ ಬಾಪೂಸಾಹೇಬ ರಾಜಕೋಟದ ಶಾಲೆಯಲ್ಲೂ ಜೊತೆಗಿದ್ದ. 1890ರಿಂದ 1894ರವರೆಗೆ ಧಾರವಾಡದಲ್ಲಿ ಫ್ರೇಸರ್ ಎಂಬ ಒಬ್ಬರೇ ಗುರುಗಳ ಕೈಯಲ್ಲಿ ಪಾಠವಾಯಿತು. ಇನ್ನೊಬ್ಬ ಹುಡುಗನ ಕತೆಗೆ ಬನ್ನಿ: ಭೀಮರಾವ್ ಅಂಬೇಡ್ಕರ್. 1896ರಲ್ಲಿ, ಐದು ವರ್ಷದವನಿದ್ದಾಗ, ಸಾತಾರೆಯಲ್ಲಿ ಅವನ ತಾಯಿ ಭೀಮಾಬಾಯಿ ತೀರಿಕೊಂಡರು. ಅರಮನೆ ಇರಲಿಲ್ಲ, ದುಡ್ಡಿರಲಿಲ್ಲ, ಸಾಲಿಯಲ್ಲಿ ಮುಟ್ಟಿ ನೀರು ಕುಡಿಯುವ ಹಕ್ಕೂ ಇರಲಿಲ್ಲ. ಸೋದರತ್ತೆ ಮೀರಾಬಾಯಿ ಇದ್ದಳು. ಬೆನ್ನು ಬಾಗಿದ ಆಕೆಯೇ ಮನೆ ನಡೆಸಿ ಆ ಮಕ್ಕಳನ್ನು ಸಾಕಿದಳು. 1920ರ ಮಾರ್ಚಿನಲ್ಲಿ ಕೊಲ್ಹಾಪುರ ಸೀಮೆಯ ಮಾಣಗಾಂವದ ಪರಿಷತ್ತಿನಲ್ಲಿ ಶಾಹೂ ಮಹಾರಾಜರೂ ಅಂಬೇಡ್ಕರರೂ ಒಂದೇ ವೇದಿಕೆಯಲ್ಲಿದ್ದರು. ಇತಿಹಾಸದ ಪುಸ್ತಕಗಳು ಆ ಸಭೆಯ ಭಾಷಣಗಳ ಬಗ್ಗೆ ಬರೆಯುತ್ತವೆ. ಮೀರಾಬಾಯಿಯ ಬಗ್ಗೆ ಒಂದೆರಡು ಸಾಲು ಸಿಕ್ಕರೆ ಪುಣ್ಯ. ನನ್ನ ಮಟ್ಟಿಗೆ ಆಕೆಯ ಕೆಲಸ ಸಣ್ಣದಲ್ಲ.

ನೆನಪುಗಳನ್ನು ಬಚ್ಚಿಡಬೇಕೇ? ‘ಕೂಸಿಗೆ ನೆನಪಾಗಿ ಅಳತೈತಿ’ ಎಂದು ಫೋಟೋ ಟ್ರಂಕಿನಲ್ಲಿ ಹಾಕುತ್ತಾರೆ, ಅವ್ವನ ಹೆಸರೆತ್ತಿದರೆ ಮಾತು ತಿರುಗಿಸುತ್ತಾರೆ. ಬಾಸ್ಟನ್ನಿನ ಮಕ್ಕಳು ತೋರಿಸಿಕೊಟ್ಟದ್ದು ಬೇರೆ: ಸತ್ತವರ ಜೊತೆ ಅವರ ಮಾತು ಮುಂದುವರಿದಿತ್ತು. ಅವರ ವಸ್ತು ಇಟ್ಟುಕೊಂಡಿದ್ದರು, ಕನಸು ಹೇಳುತ್ತಿದ್ದರು, ‘ಅಪ್ಪ ಇದ್ದರ ಏನಂತಿದ್ದ’ ಎಂದು ಕೇಳಿಕೊಳ್ಳುತ್ತಿದ್ದರು. ಈ ನಂಟು ರೋಗವಲ್ಲ ಎಂದು 1996ರಲ್ಲಿ ಸಿಲ್ವರ್‌ಮನ್ ಮತ್ತು ಜೊತೆಗಾರರು ಒಂದು ಪುಸ್ತಕವನ್ನೇ ತಂದರು. ನೆನಪಿನ ವಿಜ್ಞಾನವೂ ಸೊಗಸಾಗಿದೆ. ಮೂಗಿನಿಂದ ಬಂದ ವಾಸನೆಯ ಸುದ್ದಿ, ಭಾವನೆಯ ಅಮಿಗ್ಡಲಾ ಮತ್ತು ನೆನಪಿನ ಹಿಪೊಕ್ಯಾಂಪಸ್ ಇರುವ ಕಡೆಗೆ ಬಹಳ ಹತ್ತಿರದ ದಾರಿ ಹಿಡಿಯುತ್ತದೆ. ಕಣ್ಣು ಕಿವಿಗಳ ಸುದ್ದಿ ಸುತ್ತಿ ಬರುತ್ತದೆ. ಬೆಲ್ಲದ ಗಾಣದ ಹತ್ತಿರ ಹಾದಾಗ ಕುದಿಯುವ ಕಾಕಂಬಿಯ ವಾಸನೆಗೆ ಅಪ್ಪ ತಟ್ಟನೆ ಎದುರಿಗೆ ನಿಂತಂತಾಗುವುದು ಇದರಿಂದ. ಅಪ್ಪನ ಟವೆಲ್ಲೋ ಅವ್ವನ ಸೀರೆಯ ತುಂಡೋ ಒಂದನ್ನು ಒಗೆಯದೆ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಜೊತೆಗೆ ಫೋಟೋ, ಕೈಗಡಿಯಾರ, ಅವರು ಬರೆದ ಕಿರಾಣಿ ಚೀಟಿ ಸಿಕ್ಕರೆ ಅದೂ ಇರಲಿ. ಕಾಕಾ, ಮಾಮಾ, ಅಪ್ಪನ ಗೆಳೆಯರನ್ನು ಕೂರಿಸಿಕೊಂಡು ‘ನಮ್ಮಪ್ಪ ಸಣ್ಣವನಿದ್ದಾಗ ಹೆಂಗಿದ್ದ?’ ಎಂದು ಕೇಳಿ ಬರೆದಿಡಿ.

ಕೆಲವು ದಿನ ಹೆಚ್ಚು ನೋಯುತ್ತದೆ. ಪಂಚಮಿಗೆ ಎಲ್ಲರ ಮನೆಯಲ್ಲೂ ಉಂಡಿ ಕಟ್ಟುವಾಗ, ಸಾಲಿಯಲ್ಲಿ ಪಾಲಕರ ಸಭೆ ಎಂದಾಗ, ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಬಂದಾಗ. ಇದು ಮೊದಲೇ ಗೊತ್ತಿದ್ದರೆ ಆ ದಿನ ಯಾರ ಹತ್ತಿರ ಕೂರಬೇಕು ಎಂದು ಮೊದಲೇ ನಿರ್ಧರಿಸಿಕೊಳ್ಳಬಹುದು.

ಗೆಳೆಯರೇ, ನಿಮ್ಮ ಪಾಲೂ ಇದೆ. ಅಪ್ಪನನ್ನೋ ಅವ್ವನನ್ನೋ ಕಳಕೊಂಡ ಗೆಳೆಯ ಸಾಲಿಗೆ ತಿರುಗಿ ಬಂದ ದಿನ ಏನು ಹೇಳಬೇಕೋ ತಿಳಿಯದೆ ದೂರ ಸರಿಯಬೇಡಿ. ‘ನಿಮ್ಮಪ್ಪನ ಸುದ್ದಿ ಕೇಳಿ ಬಾಳ ಬ್ಯಾಸರಾತು’ ಎಂದರೆ ಸಾಕು. ಪಕ್ಕದಲ್ಲಿ ಕುಳಿತುಕೊಳ್ಳಿ, ತಪ್ಪಿದ ಪಾಠದ ವಹಿ ಕೊಡಿ, ಆಟಕ್ಕೆ ಕರೆಯಿರಿ. ಬರುವುದಿಲ್ಲ ಎಂದರೆ ಮರುದಿನ ಮತ್ತೆ ಕರೆಯಿರಿ. ‘ಪರದೇಶಿ’ ಎಂಬ ಮಾತು ನಿಮ್ಮ ಬಾಯಲ್ಲಿ ಬರಬಾರದು. ದೊಡ್ಡವರಿಗೂ ಒಂದು ಬೇಡಿಕೆ: ಹತ್ತು ವರ್ಷದವನ ಹೆಗಲ ಮೇಲೆ ಕೈಯಿಟ್ಟು ‘ಇನ್ ಮನಿಗೆ ನೀನ ಗಂಡಸ’ ಎನ್ನಬೇಡಿ. ಹತ್ತು ವರ್ಷದವಳಿಗೆ ‘ತಮ್ಮಗ ಇನ್ ನೀನ ಅವ್ವ’ ಎನ್ನಬೇಡಿ. ಅವರಿಗೆ ಅಳುವ ಜಾಗ ಬೇಕು, ಅದನ್ನು ಆ ಒಂದು ಮಾತು ಕಿತ್ತುಕೊಳ್ಳುತ್ತದೆ.

ಮನೆಯಲ್ಲಿ ಕೇಳುವವರು ಯಾರೂ ಇಲ್ಲದಿದ್ದರೆ, ಅಥವಾ ವಾರಗಟ್ಟಲೆ ನಿದ್ದೆ ಊಟ ಇಲ್ಲದಿದ್ದರೆ, ‘ನಾನೂ ಅವ್ವನ ಕಡೆ ಹೋಗಬೇಕು’ ಎಂದು ಅನಿಸತೊಡಗಿದರೆ, ಅಂದೇ ಒಬ್ಬ ದೊಡ್ಡವರಿಗೆ ಹೇಳಿ. ಗೆಳೆಯ ಹಾಗೆ ಹೇಳಿದರೆ ಗುಟ್ಟಾಗಿ ಇಟ್ಟುಕೊಳ್ಳಬೇಡಿ, ಗುರುಗಳಿಗೆ ತಿಳಿಸಿ. 14416 ಟೆಲಿ-ಮಾನಸ್ ಸಹಾಯವಾಣಿ. 2022ರ ಅಕ್ಟೋಬರಿನಲ್ಲಿ ಶುರುವಾಯಿತು, ಹಗಲು ರಾತ್ರಿ, ಬಿಟ್ಟಿ, ಕನ್ನಡದಲ್ಲಿ ಮಾತಾಡಬಹುದು. ಮಕ್ಕಳದೇ ಇನ್ನೊಂದು ನಂಬರು 1098. ದುಡ್ಡಿನ ತೊಂದರೆಯಿಂದ ಸಾಲಿ ಬಿಡಿಸುವ ಮಾತು ಮನೆಯಲ್ಲಿ ಬಂದರೆ, ಸರಕಾರದ ಮಿಷನ್ ವಾತ್ಸಲ್ಯದಲ್ಲಿ ಇಂಥ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವವಿದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಡಬೇಕು ಎಂದು ಹಿರಿಯರಿಗೆ ಹೇಳಿ. ಕೊರೋನಾದಲ್ಲಿ ತಾಯಿತಂದೆ ಇಬ್ಬರನ್ನೂ ಕಳಕೊಂಡ ಮಕ್ಕಳಿಗಾಗಿ 2021ರಲ್ಲಿ ಕರ್ನಾಟಕ ಸರಕಾರ ತಂದ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ ಗೊತ್ತು ಮಾಡಿದ್ದರು. ಇವು ಮಕ್ಕಳ ಹಕ್ಕು. ಕೇಳಲು ಸಂಕೋಚ ಬೇಡ.

‘ಇದು ಎಷ್ಟು ದಿನ ಹಿಂಗ?’ ಎಂದು ಕೇಳಿದರೆ ಹೇಳಲು ನನ್ನ ಹತ್ತಿರ ದಿನಗಳ ಲೆಕ್ಕವಿಲ್ಲ. ಮಿದುಳು ಬೆಳೆದಂತೆ ಪ್ರಶ್ನೆಯೂ ಬೆಳೆಯುತ್ತದೆ ಎಂಬುದಷ್ಟು ಗೊತ್ತು. ಆರು ವರ್ಷದಲ್ಲಿ ‘ಅಪ್ಪ ಯಾವಾಗ ಬರತಾನ?’ ಎಂದು ಕೇಳಿದ ಮಗು ಹತ್ತರಲ್ಲಿ ‘ಅಪ್ಪಗ ಏನ್ ಆಗಿತ್ತು?’ ಎಂದು ಕೇಳುತ್ತದೆ, ಹದಿನಾರರಲ್ಲಿ ‘ಉಳಸಾಕ ಬರತಿರಲಿಲ್ಲೇನು?’ ಎಂದು ಕೇಳುತ್ತದೆ. ಪ್ರತಿ ಸಲವೂ ಹೊಸ ಉತ್ತರ ಬೇಕು, ಹಳೆಯದು ಚಿಕ್ಕದಾಗಿರುತ್ತದೆ. ಆದ್ದರಿಂದ ಮನೆಯ ಹಿರಿಯರೇ, ಆಸ್ಪತ್ರೆಯ ಕಾಗದಗಳನ್ನು ಎಸೆಯಬೇಡಿ. ಒಂದು ಫೈಲಿನಲ್ಲಿ ಹಾಕಿ, ಮೇಲೆ ಮಗುವಿನ ಹೆಸರು ಬರೆದು, ಕಪಾಟಿನಲ್ಲಿ ಇಟ್ಟಿರಿ. ಒಂದು ದಿನ ಅವನು ಬಂದು ಕೇಳುತ್ತಾನೆ.